ಕೀಬೋರ್ಡ್ ಕುಟ್ಟುವ ಕೈಗೆ ಮರಗೆಲಸವೋ, ಕುಂಬಾರಿಕೆಯೋ, ಕ್ರೋಶಾವೋ?

ಎಂಟು ಗಂಟೆ ದುಡಿದರೂ ಸಂಜೆಗೆ ಕೈಯಲ್ಲಿ ಹಿಡಿದು ತೋರಿಸಲು ಏನೂ ಇಲ್ಲ ಎಂಬ ಕೊರಗಿಗೆ ಮೂರೂ ಮದ್ದೇ.

ಖರ್ಚಿನಲ್ಲಿ ಕ್ರೋಶಾಕ್ಕೆ ಸಾಟಿಯಿಲ್ಲ: ಒಂದು ಕೊಕ್ಕೆ ಕಡ್ಡಿ, ಒಂದು ಉಂಡೆ ಉಣ್ಣೆ, ಅಷ್ಟೇ. ಮರಗೆಲಸದಲ್ಲಿ ಗರಗಸ, ಉಳಿ, ಕ್ಲ್ಯಾಂಪು ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಕುಂಬಾರಿಕೆಗೆ ಮಣ್ಣು ಅಗ್ಗ, ಅದನ್ನು ಸುಡುವ ಗೂಡು ದುಬಾರಿ. ಸುಡಲು ಸುಮಾರು 1000 ಡಿಗ್ರಿ ಸೆಲ್ಸಿಯಸ್ ಬೇಕು. ಹಾಗಾಗಿ ತರಗತಿಗೆ ಸೇರುವುದೇ ಸುಲಭ.

ತಪ್ಪಿದರೆ? ಕ್ರೋಶಾ ಎಳೆದರೆ ಬಿಚ್ಚುತ್ತದೆ. ಸುಡದ ಮಣ್ಣು ಒಣಗಿದ್ದರೂ ನೀರಲ್ಲಿ ನೆನೆಸಿ ಮತ್ತೆ ಕಲಸಬಹುದು. ಮರ ಮಾತ್ರ ಕ್ಷಮಿಸುವುದಿಲ್ಲ. ನನ್ನ ಮೊದಲ ಸ್ಟೂಲು ಅಲುಗಾಡುತ್ತಿತ್ತು. ಒಂದೊಂದೇ ಕಾಲು ಕೊಯ್ದು ಸರಿಮಾಡುತ್ತಾ ಹೋದೆ, ಕೊನೆಗದು ಮಣೆಯಾಯಿತು. ಈಗಲೂ ಅದರ ಮೇಲೇ ಕೂತು ಶೂ ಕಟ್ಟುತ್ತೇನೆ.

ಮೌಸ್ ಹಿಡಿದು ಮಣಿಕಟ್ಟು ನೋಯುತ್ತಿದ್ದರೆ ಕ್ರೋಶಾ ಬೇಡ, ಅದೂ ಕೂತಲ್ಲೇ ಕೂತು ಮಣಿಕಟ್ಟನ್ನೇ ಮತ್ತೆ ಮತ್ತೆ ಆಡಿಸುವ ಕೆಲಸ. ನಿಂತು ಮೈ ಬಗ್ಗಿಸಬೇಕೆಂದರೆ ಮರಗೆಲಸ. ಆದರೆ ಧೂಳಿಗೆ ಮಾಸ್ಕ್ ಬೇಕು, ಗೋಡೆಯಾಚೆಯವರ ನಿದ್ದೆಯ ಚಿಂತೆಯೂ ಇರಬೇಕು. ಮಲಗುವ ಮುಂಚಿನ ಅರ್ಧ ಗಂಟೆಯಷ್ಟೇ ಬಿಡುವಿದ್ದರೆ ಕ್ರೋಶಾವೇ ಸರಿ. ಫೋನಿನಿಂದ ದೂರವಿರುವುದೇ ಗುರಿಯಾದರೆ ಮಣ್ಣು ಹಿಡಿಯಿರಿ: ಮೊಣಕೈವರೆಗೆ ಕೆಸರಾದವರು ಸ್ಕ್ರೀನ್ ಮುಟ್ಟುವುದಿಲ್ಲ.