ಜಿಟ್ಸಿ ಮೀಟ್: ನಾಲ್ಕು ತಾಲ್ಲೂಕು, ಮೂವತ್ತು ಜನ, ಎರಡು ವರ್ಷದ ಬಳಕೆ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಮ್ಮ ವಾರದ ಆನ್‌ಲೈನ್ ಸಭೆ. ಧಾರವಾಡದ ಕಚೇರಿಯಲ್ಲಿ ನಾವು ಎಂಟು ಜನ. ಉಳಿದ ಇಪ್ಪತ್ತೆರಡು ಜನ ಕಲಘಟಗಿ, ಹಳಿಯಾಳ, ಮುಂಡಗೋಡ, ಜೋಯಿಡಾ ಕಡೆ ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡುವವರು. ಜೋಯಿಡಾದ ಕಾಡಿನ ಊರುಗಳಲ್ಲಿ ಮೊಬೈಲ್ ಸಿಗ್ನಲ್ ಹೇಗಿರುತ್ತೆ ಅಂತ ಆ ಕಡೆ ಹೋದವರಿಗೆ ಗೊತ್ತು. ಹಾಗಾಗಿ ಹೊಸ ಸಾಫ್ಟ್‌ವೇರ್ ಹುಡುಕುವಾಗ ನಾನು ಇಟ್ಟುಕೊಂಡ ಪ್ರಶ್ನೆ ಒಂದೇ: ಜೋಯಿಡಾದ ನಮ್ಮ ಕಾರ್ಯಕರ್ತೆಗೆ ಸಭೆ ಪೂರ್ತಿ ಕೇಳಿಸುತ್ತದೆಯೇ?

ಮೊದಲು ಬಳಸುತ್ತಿದ್ದ ಸಾಫ್ಟ್‌ವೇರಿನಲ್ಲಿ ಕೇಳಿಸುತ್ತಿರಲಿಲ್ಲ. ಆಪ್ ದೊಡ್ಡದು, ಹಳೆಯ ಫೋನುಗಳಲ್ಲಿ ಜಾಗ ಸಾಲದು. ಪಾಸ್‌ವರ್ಡ್ ಮರೆತವರು ಸಭೆ ಮುಗಿಯುವ ಹೊತ್ತಿಗೆ ಒಳಗೆ ಬರುತ್ತಿದ್ದರು. 2023ರ ಆರಂಭದಲ್ಲಿ ಜಿಟ್ಸಿ ಮೀಟ್ ಎಂಬ ವಿಡಿಯೊ ಸಭೆಯ ಸಾಫ್ಟ್‌ವೇರಿಗೆ ಬಂದೆವು. ಲಿಂಕ್ ಒತ್ತಿ, ಹೆಸರು ಬರೆದು, ಒಳಗೆ ಬಂದರಾಯಿತು. ಫೋನಿನಲ್ಲಿ ಆಪ್ ಹಾಕಿಕೊಳ್ಳಿ ಅಂತ ಕೇಳುತ್ತೆ, ಆದರೆ ಆಪ್ ಇಲ್ಲದೆ ಬ್ರೌಸರಿನಲ್ಲೇ ಸೇರಬಹುದು.

ಜಿಟ್ಸಿ ಅಂದರೆ ಬಲ್ಗೇರಿಯನ್ ಭಾಷೆಯಲ್ಲಿ ತಂತಿಗಳು. 2003ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓದುತ್ತಿದ್ದ ಎಮಿಲ್ ಇವೊವ್ ಇದನ್ನು ಶುರು ಮಾಡಿದರು, ಆಗ ಹೆಸರು ಬೇರೆ ಇತ್ತು. 2015ರಲ್ಲಿ ಇದು ಅಟ್ಲಾಸಿಯನ್ ಕಂಪನಿಯ ಕೈಗೆ, 2018ರಲ್ಲಿ ಏಯ್ಟ್ ಬೈ ಏಯ್ಟ್ ಕಂಪನಿಯ ಕೈಗೆ ಬಂತು. ಕೋಡ್ ಮಾತ್ರ ಎಲ್ಲರಿಗೂ ತೆರೆದೇ ಇದೆ. ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ, ಅಂದರೆ ಸದಾ ಇಂಟರ್‌ನೆಟ್‌ಗೆ ಜೋಡಿಸಿರುವ ಕಂಪ್ಯೂಟರಿನಲ್ಲಿ, ಹಾಕಿಕೊಳ್ಳಬಹುದು. ನಮಗೆ ಮುಂದೆ ಇದೇ ಉಪಯೋಗಕ್ಕೆ ಬಂತು.

2023ರ ಆಗಸ್ಟಿನಿಂದ ಜಿಟ್ಸಿಯ ಉಚಿತ ತಾಣದಲ್ಲಿ ಸಭೆ ಶುರು ಮಾಡುವವರು ಗೂಗಲ್, ಫೇಸ್‌ಬುಕ್ ಅಥವಾ ಗಿಟ್‌ಹಬ್ ಖಾತೆಯಿಂದ ಲಾಗಿನ್ ಆಗಬೇಕು ಎಂಬ ನಿಯಮ ಬಂತು. ದುರ್ಬಳಕೆ ತಡೆಯಲು ಮಾಡಿದ್ದು, ಅದು ಸರಿಯೇ. ಆದರೆ ನಮ್ಮಲ್ಲಿ ತಾಲ್ಲೂಕಿನವರು ತಾವಾಗಿ ಸಭೆ ಕರೆಯುತ್ತಾರೆ, ಪ್ರತಿ ಸಲ ಲಾಗಿನ್ ಇರುವ ಒಬ್ಬರಿಗಾಗಿ ಅವರೆಲ್ಲ ಕಾಯಬೇಕಾಗುತ್ತಿತ್ತು. ಇನ್ನೊಂದು ಮಾತೂ ಇತ್ತು. ನಮ್ಮ ಸಭೆಗಳಲ್ಲಿ ಯಾವ ಮನೆಯಲ್ಲಿ ಸಾಲ ಬಾಕಿ ಇದೆ, ಯಾರ ಮನೆಯಲ್ಲಿ ಕಷ್ಟ ಇದೆ ಅಂತೆಲ್ಲ ಮಾತಾಡುತ್ತೇವೆ. ಆ ಮಾತು ನಮ್ಮದೇ ಸರ್ವರಿನ ಮೂಲಕ ಹೋಗಲಿ ಅನ್ನಿಸಿತು. ನಾಲ್ಕು ಕೋರ್, 8 ಜಿಬಿ ಮೆಮೊರಿಯ ಒಂದು ಸರ್ವರ್ ಬಾಡಿಗೆಗೆ ತೆಗೆದುಕೊಂಡೆವು. ಕಂಪ್ಯೂಟರ್ ಕೆಲಸ ಬಲ್ಲ ನಮ್ಮ ಕಚೇರಿಯ ಹುಡುಗನೊಬ್ಬ ಎರಡು ಸಂಜೆಯಲ್ಲಿ ಜಿಟ್ಸಿ ಹಾಕಿಕೊಟ್ಟ.

ಮೊದಲ ಸೋಮವಾರವೇ ಎಡವಿದೆವು. ಹಿಂದಿನ ದಿನ ಅವನೂ ನಾನೂ ಮಾತಾಡಿ ನೋಡಿದ್ದೆವು, ಚೆನ್ನಾಗಿತ್ತು. ಸಭೆಗೆ ಮೂರನೆಯವರು ಬಂದ ಕೂಡಲೇ ಎಲ್ಲರ ದನಿ, ಮುಖ ಎಲ್ಲ ಮಾಯ! ಇಬ್ಬರೇ ಇದ್ದಾಗ ಜಿಟ್ಸಿ ಒಬ್ಬರ ಫೋನನ್ನು ಇನ್ನೊಬ್ಬರ ಫೋನಿಗೆ ನೇರವಾಗಿ ಜೋಡಿಸುತ್ತದೆ. ಮೂರನೆಯವರು ಬಂದರೆ ಮಾತೆಲ್ಲ ಸರ್ವರಿನ ಮೂಲಕ ಹೋಗಬೇಕು. ಆ ದಾರಿಗೆ ಬೇಕಾದ ಯುಡಿಪಿ 10000 ಎಂಬ ಪೋರ್ಟನ್ನು, ಅಂದರೆ ಸರ್ವರಿನ ಒಂದು ಬಾಗಿಲನ್ನು, ಹೊರಗಿನ ಸಂಪರ್ಕಗಳನ್ನು ತಡೆಯುವ ಫೈರ್‌ವಾಲಿನಲ್ಲಿ ನಾವು ತೆರೆದಿರಲಿಲ್ಲ. ಸರ್ವರ್ ಹಾಕುವವರು ಮೂರು ಬೇರೆ ಬೇರೆ ಫೋನಿನಲ್ಲಿ, ಮೂರು ಬೇರೆ ಇಂಟರ್‌ನೆಟ್‌ನಲ್ಲಿ ಪರೀಕ್ಷೆ ಮಾಡದೆ ಜನರನ್ನು ಕರೆಯಬೇಡಿ. ಇಪ್ಪತ್ತೆರಡು ಜನ ಕೆಲಸ ಬಿಟ್ಟು ಕಾದಿದ್ದರು, ನನಗೆ ತುಂಬ ಬೇಜಾರಾಯಿತು.

ಆಮೇಲೆ ಎರಡು ಸೆಟ್ಟಿಂಗ್ ಬದಲಿಸಿದೆವು. ಒಂದು, ಎಲ್ಲರೂ ಸೇರುವಾಗ ಆಡಿಯೊ ಮಾತ್ರ ಇರುವಂತೆ. ಇನ್ನೊಂದು, ಒಬ್ಬರಿಗೆ ಒಂದು ಸಲಕ್ಕೆ ನಾಲ್ಕಕ್ಕಿಂತ ಜಾಸ್ತಿ ವಿಡಿಯೊ ಬರದಂತೆ. ಜಿಟ್ಸಿಯ ಸರ್ವರ್ ಎಲ್ಲರ ವಿಡಿಯೊ ಕಲಸಿ ಒಂದು ಮಾಡಿ ಕಳಿಸುವುದಿಲ್ಲ, ಬೇರೆ ಬೇರೆಯಾಗಿಯೇ ಕಳಿಸುತ್ತದೆ. ಅದಕ್ಕೇ ಮುಖಗಳು ಜಾಸ್ತಿಯಾದಷ್ಟೂ ಸಿಗ್ನಲ್ ಕಡಿಮೆ ಇರುವವರಿಗೆ ತೊಂದರೆ. ಈ ಬದಲಾವಣೆಯ ನಂತರದ ಸಭೆಯಲ್ಲಿ ಜೋಯಿಡಾದಿಂದ ಬಂದ ಮಾತು ನನಗಿನ್ನೂ ನೆನಪಿದೆ: "ಅಕ್ಕಾರ, ಇವತ್ತ ಎಲ್ಲಾ ಕೇಳಾಕತ್ತೈತ್ರಿ. ಮುಖ ಕಾಣದಿದ್ರೂ ನಡೀತೈತಿ ಬಿಡ್ರಿ."

ತಂಡಕ್ಕೆ ಕಲಿಸಲು ಆನ್‌ಲೈನ್ ತರಬೇತಿ ಇಟ್ಟುಕೊಳ್ಳಲಿಲ್ಲ. ಸಭೆಗೆ ಸೇರುವುದನ್ನು ಸಭೆಯಲ್ಲೇ ಕಲಿಸುವುದು ಹೇಗೆ, ಅಲ್ವಾ? ನಾನೇ ಬಸ್ಸು ಹತ್ತಿ ನಾಲ್ಕೂ ಕಡೆ ಹೋದೆ. ಅವರವರ ಫೋನಿನಲ್ಲೇ ಮೈಕ್‌ಗೆ ಅನುಮತಿ ಕೊಡಿಸಿದೆ. ಒಂದೇ ಕೋಣೆಯಲ್ಲಿ ಎರಡು ಫೋನಿನ ಸ್ಪೀಕರ್ ಹಾಕಿದರೆ ಯಾಕೆ ಕೂಗುತ್ತೆ ಅಂತ ಮಾಡಿ ತೋರಿಸಿದೆ. ನಾಲ್ಕೇ ದಿನದ ತಿರುಗಾಟ, ಆದರೆ ಇಡೀ ಬದಲಾವಣೆಯಲ್ಲಿ ಹೆಚ್ಚು ಫಲ ಕೊಟ್ಟದ್ದು ಅದೇ.

ಈಗ ನನಗೆ ತುಂಬ ಇಷ್ಟವಾದ ಒಂದು ಸೌಲಭ್ಯದ ಬಗ್ಗೆ. ಸ್ಪೀಕರ್ ಸ್ಟ್ಯಾಟ್ಸ್ ಅಂತ ಮೆನುವಿನಲ್ಲಿದೆ. ಯಾರು ಎಷ್ಟು ಹೊತ್ತು ಮಾತಾಡಿದರು ಅಂತ ತೋರಿಸುತ್ತದೆ. ಒಂದು ದಿನ ಸುಮ್ನೆ ತೆರೆದು ನೋಡಿದೆ. ಒಂದು ಗಂಟೆಯ ಸಭೆಯಲ್ಲಿ ಧಾರವಾಡದ ನಾವು ಮೂವರೇ ಮುಕ್ಕಾಲು ಗಂಟೆಗೂ ಹೆಚ್ಚು ಮಾತಾಡಿದ್ದೆವು. ಊರೂರು ಸುತ್ತಿ ಬಂದವರಿಗೆಲ್ಲ ಸೇರಿ ಕಾಲು ಗಂಟೆಯೂ ಸಿಕ್ಕಿರಲಿಲ್ಲ. ಜೋಯಿಡಾದವರ ಹೆಸರಿನ ಮುಂದೆ ಇದ್ದದ್ದು ಹನ್ನೊಂದು ಸೆಕೆಂಡು. ಅವರಿಗೆ ಕೇಳಿಸಲಿ ಅಂತ ಅಷ್ಟು ಒದ್ದಾಡಿದ್ದೆ. ಅವರ ಮಾತು ನಮಗೆ ಕೇಳಿಸಬೇಕು ಎಂಬುದೇ ಹೊಳೆದಿರಲಿಲ್ಲ. ಮುಂದಿನ ವಾರದಿಂದ ಕ್ರಮ ತಿರುಗಿಸಿದೆವು. ಮೊದಲು ತಾಲ್ಲೂಕಿನವರು, ಅದರಲ್ಲೂ ಸಿಗ್ನಲ್ ಕಡಿಮೆ ಇರುವವರು ಎಲ್ಲರಿಗಿಂತ ಮುಂಚೆ, ಕಚೇರಿಯವರು ಕೊನೆಗೆ. ಒಂದು ಎಚ್ಚರಿಕೆ ಹೇಳಲೇಬೇಕು. ಈ ಲೆಕ್ಕವನ್ನು ಯಾರ ಕೆಲಸ ಅಳೆಯಲೂ ಬಳಸಬೇಡಿ. ಹಾಗೆ ಮಾಡಿದರೆ ಜನ ಬಾಯಿ ತೆರೆಯಲೇ ಹೆದರುತ್ತಾರೆ.

ಕೊರತೆಗಳೂ ಇವೆ. ಸಭೆಯನ್ನು ಸರ್ವರಿನಲ್ಲಿ ರೆಕಾರ್ಡ್ ಮಾಡಲು ಜಿಬ್ರಿ ಎಂಬ ಬೇರೆ ಭಾಗ ಹಾಕಬೇಕು. ಒಂದು ಜಿಬ್ರಿ ಒಂದು ಸಲಕ್ಕೆ ಒಂದೇ ಸಭೆ ರೆಕಾರ್ಡ್ ಮಾಡುತ್ತದೆ, ಅದಕ್ಕೂ ಒಳ್ಳೆಯ ಸರ್ವರ್ ಬೇಕು. ನಾವು ಅದನ್ನು ಬಿಟ್ಟು, ಒಬ್ಬರು ನಡಾವಳಿ ಬರೆಯುವ ಹಳೆಯ ಪದ್ಧತಿಗೇ ಮರಳಿದ್ದೇವೆ. ರೆಕಾರ್ಡಿಂಗ್ ದಿನವೂ ಬೇಕಾದವರಿಗೆ ನಾನು ಸ್ವಂತ ಜಿಟ್ಸಿ ಸರ್ವರ್ ಸೂಚಿಸುವುದಿಲ್ಲ.

ಸರ್ವರ್ ನೋಡಿಕೊಳ್ಳಲು ಜನ ಬೇಕು ಅನ್ನುವುದು ಇನ್ನೂ ದೊಡ್ಡ ಮಾತು. ಹಾಕಿಕೊಟ್ಟ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ. ಒಂದು ಬೆಳಿಗ್ಗೆ ಲಿಂಕ್ ಒತ್ತಿದರೆ ಎಲ್ಲರ ಫೋನಿನಲ್ಲೂ ಈ ತಾಣ ಸುರಕ್ಷಿತವಲ್ಲ ಎಂಬ ಸೂಚನೆ! ತಾಣ ಸುರಕ್ಷಿತ ಅಂತ ಬ್ರೌಸರಿಗೆ ತೋರಿಸಲು ನಾವು ಬಳಸುವ ಉಚಿತ ಸರ್ಟಿಫಿಕೇಟ್ 90 ದಿನದೊಳಗೆ ಹೊಸದಾಗಬೇಕು. ತಾನಾಗಿ ಆಗುತ್ತಿದ್ದದ್ದು ನಿಂತುಹೋಗಿತ್ತು, ನೋಡುವವರು ಯಾರೂ ಇರಲಿಲ್ಲ. ಅವನಿಗೇ ಫೋನ್ ಮಾಡಿ, ಅವನು ಹೇಳಿದ ಹಾಗೆ ಒಂದೊಂದೇ ಸಾಲು ಟೈಪ್ ಮಾಡಿ ಸರಿಪಡಿಸಿದೆ. ಅಂದಿನಿಂದ ಎಲ್ಲ ಹೆಜ್ಜೆಗಳನ್ನೂ ಕನ್ನಡದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಈ ತಿಂಗಳು ಹಳಿಯಾಳದ ಸಹೋದ್ಯೋಗಿಯೊಬ್ಬರು ಆ ನೋಟ್‌ಬುಕ್ ನೋಡಿಕೊಂಡು ಸರ್ವರ್ ಅಪ್‌ಡೇಟ್ ಮಾಡಲು ಕಲಿಯುತ್ತಿದ್ದಾರೆ. ಹೋದ ಶನಿವಾರದ್ದನ್ನು ಅವರೇ ಮಾಡಿದರು, ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೇ.