ಮೆಂಟಲ್ ಹೆಲ್ತ್ ಕೋರ್ಟ್: 5ಕ್ಕೆ 3.5 ಸ್ಟಾರ್
ರಿವ್ಯೂ ಬರೆಯೋಕೆ ಇವಳಿಗೆ ಕೋರ್ಟೇ ಸಿಕ್ತಾ ಅಂತ ನಗಬೇಡಿ, ಅಮೆರಿಕದಲ್ಲಿರೋ ನಮ್ಮೋರಿಗೆ ಯಾರಿಗಾದ್ರೂ ಬೇಕಾಗ್ಬಹುದು. ನಮ್ಮ ಚಿಕ್ಕಮ್ಮನ ಮಗನಿಗೆ ಸ್ಕಿಜೋಫ್ರೇನಿಯಾ, ಮಾತ್ರೆ ಬಿಟ್ಟಿದ್ದ, ಯಾರ್ದೋ ಅಪಾರ್ಟ್‌ಮೆಂಟ್ ಲಾಬೀಲಿ ಮಲ್ಕೊಂಡು, ಎಬ್ಬಿಸೋಕೆ ಬಂದ ಸೆಕ್ಯುರಿಟಿಯವನನ್ನ ತಳ್ಳಿ, ಕೇಸಾಯ್ತು. ಲಾಯರ್, ಜೈಲಿನ ಬದಲು ಟ್ರೀಟ್‌ಮೆಂಟ್ ಕೊಡಿಸೋ ಈ ಕೋರ್ಟಿಗೆ ಹಾಕೋಣ ಅಂದ್ರು. 1997ರಲ್ಲಿ ಫ್ಲಾರಿಡಾದ ಬ್ರೋವರ್ಡ್ ಕೌಂಟೀಲಿ ಸಣ್ಣಪುಟ್ಟ ಕೇಸ್‌ಗೆ ಅಂತ ಶುರುವಾದ ಪದ್ಧತಿ ಇದು, 2002ರಲ್ಲಿ ಬಂದ ನ್ಯೂಯಾರ್ಕಿನ ಬ್ರೂಕ್ಲಿನ್ ಕೋರ್ಟು ದೊಡ್ಡ ಕೇಸೂ ತಗೊಳ್ತು, ಈಗ ತುಂಬಾ ಕಡೆ ಇದೆ.

ಮೈಸೂರಿಂದ ಚಿಕ್ಕಪ್ಪ ಫೋನಲ್ಲಿ ‘ಹುಚ್ಚ ಅಂತ ಬರ್ಸಿಬಿಟ್ರಾ?’ ಅಂತ ಕಿರುಚಿದ್ರು. ಅದಲ್ಲ ಚಿಕ್ಕಪ್ಪ, ನಮ್ಮಲ್ಲಿ ಐಪಿಸಿ ಸೆಕ್ಷನ್ 84 ಇತ್ತಲ್ಲ (ಈಗ ಬಿಎನ್ಎಸ್ ಸೆಕ್ಷನ್ 22), ಅದರ ಥರ ಬುದ್ಧಿ ಸ್ಥಿಮಿತ ಇರ್ಲಿಲ್ಲ ಅಂತ ವಾದ ಮಾಡೋದಲ್ಲ, ಟ್ರೀಟ್‌ಮೆಂಟ್ ಮುಗಿಸಿದ್ರೆ ಕೇಸ್ ಕೈಬಿಡ್ತಾರೆ ಇಲ್ಲಾ ಕಮ್ಮಿ ಮಾಡ್ತಾರೆ ಅಷ್ಟೇ, ಇವನು ಒಪ್ಪಿದ್ರೆ ಮಾತ್ರ.

ಒಳಗೆ ನಾನು ಅಂದ್ಕೊಂಡ ಹಾಗಿರ್ಲಿಲ್ಲ. ಜಡ್ಜ್ ಲಾಯರ್‌ನ ಬಿಟ್ಟು ಇವನನ್ನೇ ಕೇಳಿದ್ರು, ನಿದ್ದೆ ಬರ್ತಿದ್ಯಾ, ಹೊಸ ಮಾತ್ರೆಗೆ ಕೈ ನಡುಗುತ್ತಾ ಅಂತ. ಮನೇಲಿ ನಾವ್ಯಾರೂ ಕೈ ನಡುಗೋದು ಕೇಳೇ ಇರ್ಲಿಲ್ಲ, ಮಾತ್ರೆ ನುಂಗಿದ್ಯಾ ಅಂತ ಮಾತ್ರ ಕೇಳ್ತಿದ್ವಿ. ಒಂದ್ಸಲ ಅಪಾಯಿಂಟ್‌ಮೆಂಟ್ ತಪ್ಪಿಸ್ದ, ಜೈಲಿಗೆ ಹಾಕ್ಲಿಲ್ಲ, ತಿಂಗಳಿಗೊಮ್ಮೆ ಇದ್ದ ಹಾಜರಿ ವಾರಕ್ಕೊಂದು ಮಾಡಿದ್ರು.

ಒಂದು ಸ್ಟಾರ್ ಯಾಕೆ ಕಿತ್ಕೊಂಡೆ ಅಂದ್ರೆ, ಸೇರೋಕೆ ಮೊದ್ಲು ತಪ್ಪೊಪ್ಪಿಕೊಳ್ಳಿ ಅಂದ್ರು. ಎಲ್ಲಾ ಕೋರ್ಟಲ್ಲೂ ಹೀಗಿಲ್ಲ, ನಮಗೆ ಸಿಕ್ಕ ಕೋರ್ಟಲ್ಲಿತ್ತು. ಗ್ರೀನ್ ಕಾರ್ಡ್, ವೀಸಾದಲ್ಲಿರೋರು ಇಲ್ಲಿ ಹುಷಾರು! ಕೊನೆಗೆ ಕೇಸ್ ವಜಾ ಆದ್ರೂ ಇಮಿಗ್ರೇಶನ್‌ನೋರು ಆ ತಪ್ಪೊಪ್ಪಿಗೇನ ಶಿಕ್ಷೆ ಆದ ಹಾಗೇ ಲೆಕ್ಕಕ್ಕೆ ತಗೊಳ್ಬಹುದು, ಸಹಿ ಹಾಕೋಕೆ ಮುಂಚೆ ಇಮಿಗ್ರೇಶನ್ ಲಾಯರ್‌ನ ಕೇಳ್ಲೇಬೇಕು. ನಾವು ಕೇಳಿದ್ವಿ, ಚಾರ್ಜ್ ಬದಲಾಯಿಸಿಕೊಂಡ್ವಿ, ಬಚಾವಾದ್ವಿ.

ಇನ್ನರ್ಧ ಸ್ಟಾರ್ ಕಾಯಿಸಿದ್ದಕ್ಕೆ. ಜಡ್ಜ್ ಬರೆದ್ರೆ ಡಾಕ್ಟರ್ ಸಿಗ್ತಾರಾ, ಕ್ಲಿನಿಕ್‌ನಲ್ಲಿ ಆರು ವಾರ ಕ್ಯೂ. ಮತ್ತೆ ಮಾಮೂಲಿ ಕೋರ್ಟಲ್ಲಿ ಒಂದು ತಿಂಗಳು ಜೈಲಲ್ಲಿ ಮುಗೀತಿದ್ದ ಕೇಸಿಗೆ ಇಲ್ಲಿ ಹದಿನಾಲ್ಕು ತಿಂಗಳು ಓಡಾಡಿದ್ವಿ. ಆದ್ರೂ ಮತ್ತೆ ಕೇಳಿದ್ರೆ ಇದೇ ಕೋರ್ಟ್ ಅಂತೀನಿ.

ಕೊನೇ ದಿನ ಸರ್ಟಿಫಿಕೇಟ್ ಕೊಟ್ಟು ಇಡೀ ಕೋರ್ಟ್ ಚಪ್ಪಾಳೆ ತಟ್ತು, ವಿಡಿಯೋ ಮಾಡೋ ಹಾಗಿಲ್ಲ, ಚಿಕ್ಕಮ್ಮಂಗೆ ಬಾಯಲ್ಲೇ ಹೇಳ್ದೆ, ‘ಸ್ಕೂಲ್ ಡೇ ಥರಾನಾ?’ ಅಂದ್ರು.

ಪಾರ್ಕಿಂಗ್ ಸಿಗಲ್ಲ, ಬಸ್ಸಲ್ಲೇ ಹೋಗಿ.