ಹಿತ್ತಾಳೆ ಕುಸುರಿಯ ಹಳೇ ಟೀಪಾಯಿ: ಪಾಲಿಷ್ ಬೇಡ ಅಂತ ಹೇಳಿಯೇ ತನ್ನಿ

ಹಳೇ ದಾವಣಗೆರೆಯ ಈ ಹಳೆಸಾಮಾನಿನ ಅಂಗಡಿಗೆ ಬೋರ್ಡಿಲ್ಲ. ಮುಂಭಾಗದಲ್ಲಿ ತೇಗದ ಬಾಗಿಲು, ಕಂಬ, ಬೋದಿಗೆಗಳ ರಾಶಿ. ನೋಡಬೇಕಾದ್ದು ಒಳಕೋಣೆಯಲ್ಲಿದೆ: ಎರಡು ಅಷ್ಟಕೋನದ ಮಡಚುವ ಟೀಪಾಯಿ, ಒಂದು ಗುಂಡು ಮೇಜು, ಒಂದು ಪೆಟ್ಟಿಗೆ. ಎಲ್ಲಕ್ಕೂ ಮರದೊಳಗೆ ಹಿತ್ತಾಳೆ ಕೂರಿಸಿದ ಬಳ್ಳಿ, ಹೂವು.

'ದುರ್ಗದ ಪಾಳೇಗಾರರ ಅರಮನೇದು ಸಾರ್' ಅನ್ನೋದು ಅಂಗಡಿಯವರ ಪಲ್ಲವಿ. ದುರ್ಗ ಹೈದರಾಲಿ ಪಾಲಾಗಿದ್ದು 1779ರಲ್ಲಿ. ಮಡಚುವ ಕಾಲಿನ ಈ ಟೀಪಾಯಿಗಳು ಅದಕ್ಕಿಂತ ಬಹಳ ಈಚಿನವು, ಉತ್ತರ ಪ್ರದೇಶದ ಸಹಾರನ್‌ಪುರದ ಧಾಟಿಯ ಶೀಶಂ ಮರದ ಕೆಲಸ. ಒಮ್ಮೊಮ್ಮೆ 'ಬಿದರಿ' ಅಂತಲೂ ಹೇಳ್ತಾರೆ. ಬಿದರಿಯಲ್ಲಿ ಮರವೇ ಇಲ್ಲ. ಸತು-ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸುತ್ತಾರೆ. ಈ ಮಾತುಗಳನ್ನು ಪಕ್ಕಕ್ಕಿಟ್ಟರೆ ಮಾಲು ನಿಜಕ್ಕೂ ಚೆನ್ನಾಗಿದೆ.

ಗುಂಡು ಮೇಜು ಹಳೆಯದು ಅನ್ನೋಕೆ ಟೇಪು ಸಾಕು. ಮರ ಒಣಗುತ್ತಾ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಎರಡು ಅಡಿಯ ಈ ಹಲಗೆ ಅಡ್ಡಕ್ಕೆ 5 ಮಿ.ಮೀ. ಕಡಿಮೆ ಬಂತು. ಕೆಳಗೆ ಉಳಿಯ ಗುರುತು ಏರುಪೇರಾಗಿದೆ, ಸ್ಕ್ರೂ ತಲೆಯಲ್ಲಿ ಒಂದೇ ಗೀಟು. ಪೆಟ್ಟಿಗೆಯ ಹಿಂಬದಿಗೆ ಮಾತ್ರ ಪ್ಲೈವುಡ್, ಪ್ಲಸ್ ಗುರುತಿನ ಸ್ಕ್ರೂ. ಅದರ ಮೂಲೆಪಟ್ಟಿಗೆ ಆಯಸ್ಕಾಂತ ಗಕ್ಕನೆ ಅಂಟಿತು. ಹಿತ್ತಾಳೆಗೆ ಆಯಸ್ಕಾಂತ ಅಂಟಲ್ಲ, ಅದು ಬಣ್ಣ ಬಳಿದ ಕಬ್ಬಿಣ. ಬಿಟ್ಟುಬಿಡಿ. ಅದರ ಮುಚ್ಚಳದ ಬಿಳಿ ತುಣುಕುಗಳನ್ನೂ ಭೂತಗನ್ನಡಿಯಲ್ಲಿ ನೋಡಿ: ಸಣ್ಣ ಕಪ್ಪು ಚುಕ್ಕೆ ಇದ್ದರೆ ಮೂಳೆ, ಒಂದನ್ನೊಂದು ಹಾಯುವ ಗೆರೆ ಇದ್ದರೆ ದಂತ. ಆನೆದಂತದ ವ್ಯಾಪಾರಕ್ಕೆ ನಿಷೇಧವಿದೆ.

ಈಗ ಅಸಲು ತಕರಾರು. ಗಿರಾಕಿ ಒಪ್ಪಿದ ಕೂಡಲೇ ಹುಡುಗ ಹುಣಸೆಹಣ್ಣು ಹಾಕಿ ಹಿತ್ತಾಳೆ ಉಜ್ಜಲು ಕೂರುತ್ತಾನೆ. ಬಿಂದಿಗೆಗೆ ಅದು ಸರಿ. ಇಲ್ಲಿ ಹುಳಿ ನೀರು ಹಿತ್ತಾಳೆ ಪಟ್ಟಿಗೂ ಮರಕ್ಕೂ ನಡುವಿನ ಸಂದಿಗಿಳಿದು ಹಸಿರು ಕಿಲುಬು ಕಟ್ಟುತ್ತದೆ, ಪಕ್ಕದ ಮರಕ್ಕೂ ಕಲೆ. ಎರಡನೇ ಟೀಪಾಯಿಯ ಹೂವುಗಳ ಸುತ್ತ ಆ ಹಸಿರು ಉಂಗುರ ಈಗಲೇ ಕಾಣುತ್ತೆ. ಎದ್ದ ಪಟ್ಟಿಗಳಿಗೆ ಸಣ್ಣ ಮೊಳೆ ಬೇರೆ ಹೊಡೆದಿದ್ದಾರೆ, ಅಲ್ಲೆಲ್ಲ ಮರ ಸೀಳಿದೆ.

ಪಟ್ಟಿ ಏಳೋದು ಅಂಟು ಸತ್ತಿದ್ದಕ್ಕೆ ಮಾತ್ರವಲ್ಲ. ಎಳೆಗೆ ಅಡ್ಡ ಇರುವ ಪಟ್ಟಿಯ ಕೆಳಗೆ ತೋಡಿದ ಗೆರೆಯೇ ಗಿಡ್ಡವಾಗಿರುತ್ತದೆ, ಲೋಹಕ್ಕೆ ಜಾಗ ಸಾಲದೆ ನಡುವೆ ಗೂನು ಬರುತ್ತದೆ. ಸುತ್ತಿಗೆಯಿಂದ ತಟ್ಟಿದರೆ ಇನ್ನೊಂದು ಕಡೆ ಎದ್ದೇಳುತ್ತೆ. ಮಾಡಬೇಕಾದ್ದು ಹೀಗೆ: ಗೆರೆಯೊಳಗಿನ ಧೂಳು, ಹಳೇ ಸರೇಸು (ಅಂಟು) ಸೂಜಿಯಿಂದ ಕೆರೆದು ತೆಗೆಯಿರಿ. ಪಟ್ಟಿಯ ತುದಿಯನ್ನು ಅರದಿಂದ ಅರ್ಧ ಮಿ.ಮೀ. ಉಜ್ಜಿ, ಅಂಟು ಹಚ್ಚದೆ ಕೂರಿಸಿ ನೋಡಿ. ಇನ್ನೂ ಗೂನಿದ್ದರೆ ಇನ್ನಷ್ಟು. ಅಡಿಭಾಗವನ್ನು 320 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ ಸ್ಪಿರಿಟ್‌ನಲ್ಲಿ ಒರೆಸಿ, ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಅಂಟನ್ನು ಕಡ್ಡಿತುದಿಯಷ್ಟು ಹಚ್ಚಿ. ಮೇಲೆ ಮೇಣದ ಕಾಗದ, ಅದರ ಮೇಲೆ ಸಪಾಟು ಮರದ ತುಂಡು, ಕ್ಲಾಂಪ್ ಹಾಕಿ 24 ಗಂಟೆ. ಬಿಳಿ ಮರದ ಅಂಟು ಲೋಹ ಹಿಡಿಯಲ್ಲ. ಆಮೇಲೆ ಜೇನುಮೇಣ ತೆಳ್ಳಗೆ, ಒಣಬಟ್ಟೆ, ಅಷ್ಟೇ.

ಮೊದಲ ಟೀಪಾಯಿಗೆ 38 ಸಾವಿರ ಹೇಳಿ 27ಕ್ಕೆ ಇಳಿದರು. ಎದ್ದದ್ದು ನಾಲ್ಕೇ ಪಟ್ಟಿ, ಆ ಬೆಲೆ ನ್ಯಾಯ. ಎರಡನೆಯದು 15ರ ಮೇಲೆ ಬೇಡ. 'ನೂರೈವತ್ತು ವರ್ಷದ್ದು' ಅಂದರೆ ಬಿಲ್ಲಿನ ಮೇಲೆ ಬರೆದುಕೊಡಿ ಅನ್ನಿ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪ್ರಾಚ್ಯವಸ್ತು ಮಾರಲು ಲೈಸೆನ್ಸ್ ಬೇಕು. ಮಾತು ಕೂಡಲೇ 'ಹಳೇದು ಸಾರ್' ಅಂತ ಮೆತ್ತಗಾಗುತ್ತೆ.

ಹೋಗುವುದಾದರೆ ಏಪ್ರಿಲ್‌ನಲ್ಲಿ ಹೋಗಿ. ನಮ್ಮೂರ ಬಿಸಿಲಿಗೆ ಮರ ಪೂರ್ತಿ ಒಣಗಿ, ಏಳುವ ಪಟ್ಟಿಯೆಲ್ಲ ಆಗಲೇ ಎದ್ದಿರುತ್ತೆ. ಮಳೆಗಾಲದಲ್ಲಿ ಮರ ಊದಿಕೊಂಡು ಸಂದಿ ಮುಚ್ಚಿರುತ್ತೆ, ಅಂಗೈ ಸವರಿದರೂ ಗೊತ್ತಾಗಲ್ಲ.